ಪೊಟ್ಲಾಕಿಯ ತೊಳೆಯದ ಕಂಬಳಿ

ಮಲುಟಿ ಬೆಟ್ಟದವರ ಮಾತಿನಲ್ಲಿ ಪೊಟ್ಲಾಕಿ ಎಂದರೆ ಅವಸರ. ಸೂಲಗಿತ್ತಿ ಹೊಸ್ತಿಲು ದಾಟುವ ಮೊದಲೇ ಹುಟ್ಟಿಬಿಟ್ಟನೆಂದು ತಾಯಿ ಆ ಹೆಸರಿಟ್ಟಳಂತೆ. ಅವನು ಜೀವಮಾನದಲ್ಲಿ ಮಾಡಿದ ಅವಸರ ಅದೊಂದೇ. ಆಮೇಲಿನ ಅರವತ್ತೆರಡು ವರ್ಷ ಅವನು ಯಾವುದರ ಹಿಂದೆಯೂ ಓಡಿದವನಲ್ಲ. ಓಡುವುದು ಕುದುರೆಗಳ ಕೆಲಸ. ಓಡುವ ಗಳಿಗೆಯ ತನಕ ಅವುಗಳ ನಾಲ್ಕು ಕಾಲೂ ನೆಟ್ಟಗಿರುವಂತೆ ನೋಡಿಕೊಳ್ಳುವುದು ತನ್ನ ಕೆಲಸ ಎಂದು ಅವನು ಬಾಳನ್ನು ಪಾಲು ಮಾಡಿಕೊಂಡಿದ್ದ.

ಗಡಿಯಾಚೆಯ ಚಿನ್ನದ ಗಣಿಯಲ್ಲಿ ಹದಿನಾಲ್ಕು ವರ್ಷ ದುಡಿದು, ಎದೆಯಲ್ಲಿ ಧೂಳನ್ನೂ ಮೊಣಕಾಲಲ್ಲಿ ನೋವನ್ನೂ ತುಂಬಿಕೊಂಡು ಊರಿಗೆ ಬಂದಾಗ, ಕೂತು ಮಾಡುವ ಕೆಲಸ ಯಾವುದಾದರೂ ಸಿಕ್ಕರೆ ಸಾಕು ಎಂದಿದ್ದ. ಪಂದ್ಯದ ಕುದುರೆ ಕಾಯುವುದು ಕೂತು ಮಾಡುವ ಕೆಲಸ ಎಂದು ಯಾರೋ ಹೇಳಿದರು. ಹೇಳಿದವನು ಒಂದು ರಾತ್ರಿಯಾದರೂ ಕುದುರೆ ಕಾದವನಲ್ಲ.

ಪಂದ್ಯದ ಹಿಂದಿನ ದಿನವೇ ಕುದುರೆಗಳು ಹಾ ರಲೆಬೆಸೆ ಎಂಬ ಊರಿನ ಬಯಲಿಗೆ ಬಂದು ಸೇರುತ್ತವೆ. ಐವತ್ತು ಕುದುರೆ, ಐವತ್ತು ಒಡೆಯರು, ಒಬ್ಬೊಬ್ಬ ಒಡೆಯನಿಗೆ ನಲವತ್ತೊಂಬತ್ತು ಶತ್ರುಗಳು. ಕದ್ದುಕೊಂಡು ಹೋಗುವವರಾದರೂ ವಾಸಿ, ಕುದುರೆ ಮೇಲೆ ಅವರಿಗೆ ಆಸೆಯಿರುತ್ತದೆ. ಕೆಡಿಸಲು ಬರುವವರಿಗೆ ಅದೂ ಇಲ್ಲ. ನೆನೆದ ಮೆಕ್ಕೆಜೋಳ ಎರಡು ಬೊಗಸೆ ತಿನ್ನಿಸಿದರೆ ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿಕೊಂಡು ನೆಲಕ್ಕೆ ಉರುಳುತ್ತದೆ. ಬಾಲದ ಒಂದು ಕೂದಲು ಕಿತ್ತು ಗೊರಸಿನ ಮೇಲಿನ ಗಂಟಿಗೆ ಬಿಗಿದು ಕಟ್ಟಿದರೆ ಸಾಕು, ಮಾರನೆಯ ದಿನ ಕುಂಟುತ್ತದೆ. ಏಕೆಂದು ದೇವರಿಗೂ ಕಾಣಿಸದು. ಅದಕ್ಕೇ ಪೊಟ್ಲಾಕಿ ಕತ್ತಲಲ್ಲೂ ಕುದುರೆಯ ನಾಲ್ಕು ಕಾಲನ್ನು ಬೆರಳಿನಿಂದ ತಡವಿ ನೋಡುತ್ತಿದ್ದ. ನೀರನ್ನು ತಾನು ಕುಡಿದು ನೋಡಿಯೇ ಅದಕ್ಕೆ ಕೊಡುತ್ತಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದು ಗಾದೆಯವರು ಸುಲಭವಾಗಿ ಹೇಳಿಬಿಡುತ್ತಾರೆ. ಇಪ್ಪತ್ತಾರು ವರ್ಷ ಹಾಗೆ ಕಾದವನ ಕಣ್ಣಿನಲ್ಲಿ ಎಣ್ಣೆಯೂ ಉಳಿದಿರಲಿಲ್ಲ, ನಿದ್ದೆಯೂ ಉಳಿದಿರಲಿಲ್ಲ. ಆದರೆ ಇಪ್ಪತ್ತಾರು ವರ್ಷದಲ್ಲಿ ಒಂದು ಕುದುರೆಯನ್ನೂ ಅವನು ಕಳೆದಿರಲಿಲ್ಲ. ಇದನ್ನು ಅವನು ಹೇಳಿಕೊಳ್ಳುತ್ತಿರಲಿಲ್ಲ. ಬೇರೆ ಯಾರೂ ಹೇಳದೆ ಇದ್ದಾಗ ಮಾತ್ರ ಹೇಳಿಕೊಳ್ಳುತ್ತಿದ್ದ.

ಅವನ ದೊಡ್ಡ ಉಪಾಯವೆಂದರೆ ಕಂಬಳಿ. ಜೋಳದ ತೆನೆಯ ಚಿತ್ರವಿದ್ದ ಕಂದು ಕಂಬಳಿ ಅದು. ಹೊಸ ಕುದುರೆ ಕೈಗೆ ಬಂದರೆ ಮೊದಲ ಒಂದು ತಿಂಗಳು ರಾತ್ರಿ ಕುದುರೆಗೆ ಹೊದಿಸುತ್ತಿದ್ದ, ಹಗಲು ತಾನು ಹೊದೆಯುತ್ತಿದ್ದ. ಮೇವು, ನೀರು, ಮೈ ಉಜ್ಜುವುದು ಎಲ್ಲಾ ಆ ಕಂಬಳಿ ಹೊದ್ದುಕೊಂಡೇ. ತಿಂಗಳು ಕಳೆಯುವಷ್ಟರಲ್ಲಿ ಕುದುರೆಯ ಮಟ್ಟಿಗೆ ಲೋಕದಲ್ಲಿ ನಂಬಬಹುದಾದ ವಾಸನೆ ಅದೊಂದೇ. ಬೇರೆ ಯಾರು ಹತ್ತಿರ ಬಂದರೂ ಹಲ್ಲು ತೋರಿಸುತ್ತಿತ್ತು. ಕಂಬಳಿ ತೊಳೆದರೆ ಉಪಾಯವೇ ತೊಳೆದುಹೋಗುತ್ತದಲ್ಲ, ಆದ್ದರಿಂದ ತೊಳೆಯುವಂತಿರಲಿಲ್ಲ.

"ಈ ಕಂಬಳಿ ಈಗ ತಾನಾಗೇ ಎದ್ದು ನಿಲ್ಲತ್ತೆ," ಎನ್ನುತ್ತಿದ್ದಳು ಹೆಂಡತಿ ಮಾಪುಲೆಂಗ್. "ಪಂದ್ಯಕ್ಕೆ ಇದನ್ನೊಂದೇ ಕಳಿಸು. ನೀನು ಮನೇಲಿ ಮಲಕ್ಕೋ. ಕುದುರೆಗೇನು ಗೊತ್ತಾಗತ್ತೆ?"

"ಹೆಂಗಸರ ಮಾತು," ಎನ್ನುತ್ತಿದ್ದ ಪೊಟ್ಲಾಕಿ. ಅವಳ ಮಾತಿನಲ್ಲಿ ಏನಿದೆ ಎಂದು ಅವನು ಎಂದೂ ಬಿಚ್ಚಿ ನೋಡಲಿಲ್ಲ.

ಒಂಬತ್ತು ವರ್ಷದಿಂದ ಅವನು ಕಾಯುತ್ತಿದ್ದುದು ನ್ತಾತೆ ರಮೊಹಾಪಿಯವರ ಕುದುರೆಯನ್ನು. ನ್ತಾತೆ ಎಂದರೆ ಅಪ್ಪ. ಅಲ್ಲಿ ಗೌರವಕ್ಕೆ ಯೋಗ್ಯರಾದವರನ್ನೂ ಅಲ್ಲದವರನ್ನೂ ಹಾಗೆಯೇ ಕರೆಯುತ್ತಾರೆ. ರಮೊಹಾಪಿ ಮೂರು ಮಿನಿಬಸ್ಸುಗಳ ಒಡೆಯರು, ಚರ್ಚಿನ ಹಿರಿಯರು, ಪಾನವಿರೋಧಿ ಸಂಘದ ಬಿಲ್ಲೆಯನ್ನು ಕೋಟಿನ ಮೇಲೂ ಕೋಟಿಲ್ಲದಾಗ ಅಂಗಿಯ ಮೇಲೂ ಧರಿಸುವವರು. ಕೆಲಸಕ್ಕೆ ಇಟ್ಟುಕೊಳ್ಳುವಾಗ ಅವರು ಪೊಟ್ಲಾಕಿಯ ಮೂಗಿನ ಮುಂದೆ ಮೂರು ಬೆರಳು ಒಂದೊಂದಾಗಿ ಮಡಚಿದ್ದರು. ಮೊದಲು ಹೆಬ್ಬೆರಳು.

"ಕುಡಿತ ಇಲ್ಲ. ಹೊಗೆಸೊಪ್ಪು ಇಲ್ಲ. ನಿದ್ದೆ ಇಲ್ಲ."

"ಇಲ್ಲ, ಇಲ್ಲ, ಇಲ್ಲ," ಎಂದಿದ್ದ ಪೊಟ್ಲಾಕಿ. ಅದರಲ್ಲಿ ಎರಡು ನಿಜ.

ಉಳಿದೊಂದರ, ಅಂದರೆ ಕುಡಿತದ, ವಿಷಯ ಹೀಗೆ. ಪಂದ್ಯದ ಬಯಲಿನಲ್ಲಿ ಅವನು ಒಂದು ತೊಟ್ಟು ಮುಟ್ಟಿದವನಲ್ಲ. ಆದರೆ ಕುದುರೆಗೆ ದಿನಾ ಬೆಳಿಗ್ಗೆ ನಡಿಗೆ ಮಾಡಿಸಬೇಕಿತ್ತು. ಬೆಟ್ಟದ ನೆತ್ತಿಯ ಏಣಿನ ದಾರಿಯಲ್ಲಿ ಮೂರು ಹಳ್ಳಿ. ಜೋಳದ ಹೆಂಡ ಇಳಿಸಿದ ಮನೆಯವರು ಅಂಗಳದಲ್ಲಿ ಕೋಲು ನೆಟ್ಟು ಬಿಳಿ ಬಾವುಟ ಹಾರಿಸುತ್ತಾರೆ. ಮೂರು ಹಳ್ಳಿಯಲ್ಲಿ ದಿನಕ್ಕೆ ಒಂದೊಂದಾದರೂ ಬಾವುಟ ಇದ್ದೇ ಇರುತ್ತಿತ್ತು. ಮೊಣಕಾಲು ನೋಯುವವನಿಗೆ ಕೂರಲು ಒಂದು ಜಾಗ ಬೇಕು. ಕೂತವನಿಗೆ ಒಂದು ಡಬ್ಬಿ ಹೆಂಡ ಕೈಗಿತ್ತರೆ ಬೇಡವೆನ್ನುವುದು ಮರ್ಯಾದೆಯಲ್ಲ. ಅವನು ಕುಡಿಯುತ್ತಿರುವಾಗ ಮನೆಯವರು ಸೋಸಿದ ಜೋಳದ ಸಿಹಿ ಚರಟವನ್ನು ಒಂದು ಹಿಡಿ ಕುದುರೆಯ ಮುಂದೆ ಹಾಕುತ್ತಿದ್ದರು. ಒಂಬತ್ತು ವರ್ಷ, ಮಳೆ ಬಿಸಿಲು ಹಿಮ ಎನ್ನದೆ, ಈ ನೇಮ ತಪ್ಪಿರಲಿಲ್ಲ. ರಮೊಹಾಪಿಯವರ ಚರ್ಚಿನ ನೇಮ ಹಿಮ ಬಿದ್ದಾಗ ತಪ್ಪಿದ್ದುಂಟು.

ಆ ಕುದುರೆಯ ಹೆಸರು ಸೆಫಾಕೊ, ಅಂದರೆ ಆಲಿಕಲ್ಲು. ಬೂದು ಬಣ್ಣ, ಗಿಡ್ಡ ಕಾಲು, ಬಂಡೆಯಂಥ ಎದೆ. ನಾಲ್ಕು ವರ್ಷದಿಂದ ಗೆಲ್ಲುತ್ತಾ ಬಂದಿತ್ತು. ಅದರ ವಿಶೇಷವೆಂದರೆ ಕೊನೆಯ ಗೆರೆಯ ಬಾವುಟ ಕಂಡೊಡನೆ ಪಿಶಾಚಿ ಮೆಟ್ಟಿದಂತೆ ನುಗ್ಗಿ, ಗೆರೆ ಮುಟ್ಟಿದೊಡನೆ ಗೂಟ ಹೊಡೆದಂತೆ ನಿಂತುಬಿಡುತ್ತಿತ್ತು. ಸವಾರ ಕಿವಿಗಳ ಮೇಲಿಂದ ಹಾರಿ ಹುಲ್ಲಿಗೆ ಬೀಳುತ್ತಿದ್ದ.

"ಶಿಸ್ತು!" ಎನ್ನುತ್ತಿದ್ದರು ರಮೊಹಾಪಿ, ಸುತ್ತಲಿನವರಿಗೆ ಕೇಳುವಂತೆ. "ಒಡೆಯನ ಮನೆಯಲ್ಲಿ ಶಿಸ್ತಿದ್ರೆ ಕುದುರೆಗೂ ಬರುತ್ತೆ."

ಪೊಟ್ಲಾಕಿ ಆಗೆಲ್ಲಾ ತನ್ನ ಬೂಟಿನ ಮೇಲಿನ ಮಣ್ಣು ನೋಡುತ್ತಿದ್ದ.

ಆ ವರ್ಷದ ಪಂದ್ಯ ಜುಲೈನಲ್ಲಿ, ಭೂಮಿಯ ಆ ದಕ್ಷಿಣ ಭಾಗದ ಚಳಿಗಾಲದ ನಟ್ಟನಡುವೆ. ಹುಲ್ಲಿನ ಮೇಲಿನ ಇಬ್ಬನಿ ಹತ್ತು ಗಂಟೆಯಾದರೂ ಗಾಜಿನಂತೆ ಗಟ್ಟಿಯಾಗಿತ್ತು. ಇದೇ ಕೊನೆಯ ವರ್ಷ ಎಂದು ಪೊಟ್ಲಾಕಿ ಹೆಂಡತಿಗೆ ಹೇಳಿ ಬಂದಿದ್ದ. ಐದು ವರ್ಷದಿಂದ ಹೇಳಿಕೊಂಡು ಬಂದಿದ್ದ ಮಾತಾದ್ದರಿಂದ ಅವಳು ತಲೆ ಎತ್ತದೆ ಮುದ್ದೆ ತೊಳಸುತ್ತಲೇ ಇದ್ದಳು. ರಾತ್ರಿಯಿಡೀ ಅವನು ರೆಪ್ಪೆ ಮುಚ್ಚಿರಲಿಲ್ಲ. ಸೆಫಾಕೊವಿನ ಮುಂಗಾಲಿಗೆ ಸರಪಳಿ ಹಾಕಿ ಬೀಗ ಜಡಿದಿದ್ದ. ಬೀಗದ ಕೈ ಕಂಬಳಿಯ ದೊಡ್ಡ ಪಿನ್ನಿನಲ್ಲಿ ಗಲ್ಲದ ಕೆಳಗೆ ನೇತಾಡುತ್ತಿತ್ತು.

ಈ ಸಲ ಪಂದ್ಯಕ್ಕೆ ಕುದುರೆ ಸುರಕ್ಷತಾ ಉಪಸಮಿತಿ ಎಂದು ಒಂದು ಹೊಸದಾಗಿ ಹುಟ್ಟಿತ್ತು. ಅದರ ಅಧ್ಯಕ್ಷರು ನ್ತಾತೆ ತ್ಲಾಡಿ, ಶಾಲಾ ತನಿಖಾಧಿಕಾರಿಯಾಗಿ ನಿವೃತ್ತರಾದವರು. ಮಿಂಚುವ ಹಸಿರು ಅಂಗಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಹನ್ನೊಂದು ನಿಯಮಗಳ ಹಲಗೆ. ಬೆಳಿಗ್ಗೆ ಪೊಟ್ಲಾಕಿಯ ಬಳಿಗೂ ಬಂದು ಹೋಗಿದ್ದರು.

"ನ್ತಾತೆ ಪೊಟ್ಲಾಕಿ, ನಿಮ್ಮ ಕಾವಲು ವಿಧಾನವನ್ನು ಲಿಖಿತವಾಗಿ ಕೊಟ್ಟಿದ್ದೀರಾ?"

"ನನ್ನ ವಿಧಾನ ಮಲಗದೇ ಇರೋದು, ನ್ತಾತೆ."

"ಅದು ವಿಧಾನವಲ್ಲ, ಅಭ್ಯಾಸ," ಎಂದು ಬರೆದುಕೊಂಡು ಮುಂದೆ ಹೋದರು.

ಹತ್ತೂವರೆಗೆ ಆ ಭಾಗದ ಊರೊಡತಿ ಬಂದು ಡೇರೆಯಲ್ಲಿ ಕೂತರು. ಭಾಷಣಗಳು ಶುರುವಾದವು. ಆಗಲೇ ಪೊಟ್ಲಾಕಿಯ ಹತ್ತಿರ ಒಬ್ಬ ನಡುವಯಸ್ಸಿನ ಮನುಷ್ಯ ಬಂದು, ಟೋಪಿ ತೆಗೆದು, ನೆಲ ನೋಡುತ್ತಾ ನಿಂತ. ಮೈಮೇಲೆ ಪಟ್ಟಣದ ತೆಳು ಜಾಕೀಟು. ಹಲ್ಲು ಕಟಕಟ ಎನ್ನುತ್ತಿತ್ತು.

"ಸಮಾಧಾನ ಇರಲಿ, ಅಪ್ಪಾ."

"ನಿನಗೂ ಇರಲಿ. ಏನಾಗ್ಬೇಕಿತ್ತು?"

"ನನ್ನ ತಮ್ಮ ಹೋಗ್ಬಿಟ್ಟ, ನಿನ್ನೆ ಸಂಜೆ. ಊರೊಡತಿಗೆ ತಿಳಿಸಿ ಮಣ್ಣು ಮಾಡೋಕೆ ಚೀಟಿ ತಗೋಬೇಕು. ಹೇಗೆ ಹೋಗ್ಲಿ ಹೇಳು, ಕಂಬಳಿ ಇಲ್ಲದೆ? ಡೇರೆ ಬಾಗಿಲಲ್ಲಿ ಆ ಸೀಟಿಯವನು ತಡೆದ."

"ನಿನ್ನ ಕಂಬಳಿ ಎಲ್ಲಿ?"

"ತಮ್ಮನಿಗೆ ಸುತ್ತಿದೀನಿ. ಅವನಿಗೆ ಒಳ್ಳೇದು ಇರಲಿಲ್ಲ."

ಕಂಬಳಿಯಿಲ್ಲದ ಗಂಡಸು ಊರೊಡತಿಯ ಮುಂದೆ ನಿಲ್ಲುವಂತಿಲ್ಲ. ಸತ್ತವನನ್ನು ಕಂಬಳಿಯಿಲ್ಲದೆ ಕಳಿಸುವಂತಿಲ್ಲ. ಈ ಎರಡರ ನಡುವೆ ಸಿಕ್ಕಿಬಿದ್ದವನಿಗೆ ಕಂಬಳಿ ಇಲ್ಲವೆನ್ನುವ ಮನುಷ್ಯ ಆ ಬೆಟ್ಟಗಳಲ್ಲಿ ಇನ್ನೂ ಹುಟ್ಟಿರಲಿಲ್ಲ. ಸೊಂಟದ ಹಣ ಕೇಳಿದ್ದರೆ ಪೊಟ್ಲಾಕಿ ನಕ್ಕುಬಿಡುತ್ತಿದ್ದ. ಕುದುರೆ ಮುಟ್ಟಲು ಬಂದಿದ್ದರೆ ಕೋಲು ಎತ್ತುತ್ತಿದ್ದ. ಇದು ಹಾಗಲ್ಲವಲ್ಲ.

"ಬೇಗ ಬಾ," ಎಂದು ಕಂಬಳಿ ಬಿಚ್ಚಿ ಅವನ ಹೆಗಲಿಗೆ ಹಾಕಿದ. ಪಿನ್ನಿಲ್ಲದೆ ಕಂಬಳಿ ನಿಲ್ಲುವುದಿಲ್ಲವಾದ್ದರಿಂದ ಪಿನ್ನನ್ನೂ ತಾನೇ ಚುಚ್ಚಿಕೊಟ್ಟ. ಹೊಸಬನ ಬೆರಳಿಗೆ ಚುಚ್ಚಿಕೊಂಡೀತು ಎಂದು ಜೋಪಾನವಾಗಿ ಚುಚ್ಚಿದ. ಅದರಲ್ಲಿ ಬೀಗದ ಕೈ ಇತ್ತು ಎಂಬುದು ಅವನಿಗೆ ಅರ್ಧ ಗಂಟೆಯ ನಂತರ ನೆನಪಾಯಿತು.

ಆ ಅರ್ಧ ಗಂಟೆ ಹೇಗೆ ಹೋಯಿತೆಂದರೆ, ಕಂಬಳಿಯಿಲ್ಲದ ಮೈಗೆ ಗಾಳಿ ಚೂರಿಯಂತೆ ನಾಟಿತು. ಇಪ್ಪತ್ತು ಮಾರು ದೂರದಲ್ಲಿ ಒಂದು ಕಲ್ಲುಗೋಡೆ, ಅದರ ಮಗ್ಗುಲಲ್ಲಿ ಗಾಳಿ ಇಲ್ಲ, ಬಿಸಿಲಿದೆ. ಅಲ್ಲಿಂದಲೂ ಕುದುರೆ ಕಾಣುತ್ತದೆ. ಹೋಗಿ ಒರಗಿ ಕೂತ. ಡೇರೆಯ ಕಡೆಯಿಂದ ತ್ಲಾಡಿಯವರು ನಿಯಮಗಳನ್ನು ಓದುವ ದನಿ ಒಂದೇ ಸಮನೆ ಬರುತ್ತಿತ್ತು. ನಾಲ್ಕನೆಯ ನಿಯಮದ ತನಕ ಪೊಟ್ಲಾಕಿ ಕೇಳಿಸಿಕೊಂಡ. ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ಮಲಗಿಸಿದ ದನಿ ಅದು. ಇಪ್ಪತ್ತಾರು ವರ್ಷದ ನಿದ್ದೆ ಬಾಕಿಯಿದ್ದವನು ಯಾವ ಲೆಕ್ಕ.

ಎಚ್ಚರವಾದಾಗ ಗೂಟದ ಹತ್ತಿರ ಸರಪಳಿ ಇತ್ತು. ಬೀಗ ತೆರೆದಿತ್ತು. ಕುದುರೆ ಇರಲಿಲ್ಲ.

ಪಕ್ಕದ ಕುದುರೆಯ ಕಾವಲಿಗಿದ್ದ ಲೆಶೊಬೊರೊ ಗೋಡೆಯ ಹತ್ತಿರ ಇವನನ್ನು ಕಂಡು ಕಣ್ಣುಜ್ಜಿಕೊಂಡ. "ಅಲ್ಲಪ್ಪಾ, ನೀನು ಈಗ ತಾನೇ ಸೆಫಾಕೊನ ನೀರಿಗೆ ಹೊಡ್ಕೊಂಡು ಹೋದೆಯಲ್ಲ?"

"ನಾನಾ?"

"ನಿನ್ನ ಕಂಬಳೀನೇ. 'ನೀರಿಗಾ?' ಅಂದೆ, ನೀನು ಕೈ ಎತ್ತಿದೆ. ಕುದುರೇನೂ ಕುರಿಮರಿ ಹಾಗೆ ಹಿಂದೇನೇ ಹೋಯ್ತು. ಇವತ್ತೇನು ನಡಿಗೆ ಚುರುಕಾಗಿದೆ, ಮೊಣಕಾಲು ವಾಸಿಯಾಯ್ತೇನೋ ಅಂದ್ಕೊಂಡೆ."

ಪೊಟ್ಲಾಕಿಗೆ ಮಾಪುಲೆಂಗಳ ಮಾತು ಆಗ ನೆನಪಾಯಿತು. ಕಂಬಳಿಯೊಂದೇ ಸಾಕು, ಕುದುರೆಗೇನು ಗೊತ್ತಾಗತ್ತೆ.

ತ್ಲಾಡಿಯವರ ಸೀಟಿ ಮೊಳಗಿತು. ಅಷ್ಟು ಹೊತ್ತಿನಿಂದ ಊದಲು ಕಾರಣ ಸಿಗದೆ ಸೊರಗಿದ್ದ ಸೀಟಿ, ಈಗ ನಿಲ್ಲಿಸುವವರಿಲ್ಲದೆ ಕೂಗಿತು. ಉಪಸಮಿತಿ ಅಲ್ಲೇ ನಿಂತು ಸಭೆ ಸೇರಿತು. ಬಯಲಿನಾಚೆ ದಾರಿ ಕವಲಾಗುತ್ತದೆ. ಒಂದು ಕಣಿವೆಗೆ ಇಳಿದು ಹೋಗುವುದು, ಇನ್ನೊಂದು ಏಣಿನ ಮೇಲೆ ಹಳ್ಳಿಗಳ ನಡುವೆ ಹೋಗುವುದು. ಎರಡೂ ಕೊನೆಗೆ ಗಡಿಯ ಕಣಿವೆಬಾಯಿಗೆ ಸೇರುತ್ತವೆ. ಅದನ್ನು ದಾಟಿದ ಕುದುರೆ ಹಿಂದಿರುಗಿದ ಕತೆಯನ್ನು ಯಾರೂ ಕೇಳಿಲ್ಲ. ಅಲ್ಲಿಗೆ ಕುದುರೆಯ ಮೇಲೆ ಎರಡು ಗಂಟೆಯ ದಾರಿ. ಅರ್ಧ ಗಂಟೆ ಆಗಲೇ ಕಳೆದಿತ್ತು.

"ಕಳ್ಳರು ಯಾವತ್ತೂ ಕಣಿವೆ ದಾರೀನೇ ಹಿಡಿಯೋದು," ಎಂದರು ತ್ಲಾಡಿ. "ಅಲ್ಲಿ ಮನೆಗಳಿಲ್ಲ, ನೋಡೋರಿಲ್ಲ. ಎಲ್ಲಾ ಸವಾರರೂ ಕಣಿವೆಗೆ!"

ರಮೊಹಾಪಿ ಮುಖ ಬೂದಿಯಾಗಿ ನಿಂತಿದ್ದರು. ಪೊಟ್ಲಾಕಿ ಅವರ ಕಡೆ ನೋಡದೆ, "ಏಣಿನ ಮೇಲೆ ಹೋಗಿರತ್ತೆ," ಎಂದ.

"ಯಾವ ಆಧಾರದ ಮೇಲೆ?" ಎಂದರು ತ್ಲಾಡಿ.

"ಕಳ್ಳ ಕಣಿವೆಗೆ ತಿರುಗಿಸ್ತಾನೆ, ಸರಿ. ಆದ್ರೆ ಆ ಕಂಬಳಿ ಹೊದ್ದೋನು ಮೇಲೆ ಕೂತಿದ್ರೆ ಸೆಫಾಕೊ ಕಣಿವೆಗೆ ಇಳಿಯಲ್ಲ. ಕವಲಲ್ಲಿ ಮೇಲ್ಗಡೆನೇ ತಿರುಗತ್ತೆ."

"ಅದೇ ಯಾಕೆ ಅಂತ ಕೇಳ್ತಿರೋದು. ಊಹೆ ಮೇಲೆ ಉಪಸಮಿತಿ ನಡೆಯಲ್ಲ."

ಪೊಟ್ಲಾಕಿ ಸುತ್ತ ನೋಡಿದ. ಐವತ್ತು ಒಡೆಯರು, ಅಷ್ಟೇ ಕಾವಲುಗಾರರು, ಬಾಯಿ ಬಿಟ್ಟು ನಿಂತಿದ್ದ ಮಿಕ್ಕ ಜನ. ಯಾರಾದರೊಬ್ಬರ ಕಿವಿಯಲ್ಲಿ ಹೇಳಬಹುದಾದ ಮಾತಾಗಿದ್ದರೆ ಹೇಳುತ್ತಿದ್ದ. ತಾನೊಬ್ಬನೇ ಮೇಲೆ ಹತ್ತಿ ಹೋಗಬಹುದಾಗಿದ್ದರೆ ಹೋಗುತ್ತಿದ್ದ. ಅಷ್ಟಕ್ಕೆ ಮೊಣಕಾಲು ಒಪ್ಪುವುದಿಲ್ಲ. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ಕುದುರೆ ಹೋಗುತ್ತದೆ. ಅವನಿಗೆ ಬಹಳ ಆಯಾಸವಾಯಿತು. ಸುಳ್ಳೂ ಒಂದು ಕುದುರೆಯಂತೆ. ಒಂಬತ್ತು ವರ್ಷ ಕಾದರೆ ಕಾಯುವವನೇ ಸೋಲುತ್ತಾನೆ.

"ಅಲ್ಲಿ ಬಿಳಿ ಬಾವುಟ ಇವೆ," ಎಂದ. "ದಿನಾ ಬೆಳಿಗ್ಗೆ ನಾನು ಅಲ್ಲಿ ನಿಲ್ತೀನಿ. ಒಂದೊಂದು ಬಾವುಟದಲ್ಲೂ. ನಾನು ಒಂದು ಡಬ್ಬಿ ಕುಡೀತೀನಿ, ಅದು ಒಂದು ಹಿಡಿ ಚರಟ ತಿನ್ನತ್ತೆ. ಒಂಬತ್ತು ವರ್ಷದಿಂದ. ಬಾವುಟ ಕಂಡ್ರೆ ಅದು ನಿಲ್ಲದೆ ಹೋಗಲ್ಲ, ನ್ತಾತೆ ರಮೊಹಾಪಿ. ನಾನಾಗ್ಲಿ ಅದಾಗ್ಲಿ."

ಲೆಶೊಬೊರೊ ಮೆಲ್ಲಗೆ, "ಇದು ಎಲ್ರಿಗೂ ಗೊತ್ತಿರೋ ವಿಷಯಾನೇ," ಎಂದ.

"ನನಗೆ ಗೊತ್ತಿರಲಿಲ್ಲ!" ಎಂದರು ರಮೊಹಾಪಿ.

"ನಿಮಗೊಬ್ರಿಗೇ ಹೇಳಿರಲಿಲ್ಲ," ಎಂದ ಲೆಶೊಬೊರೊ, ಸಮಾಧಾನ ಮಾಡುವವನಂತೆ.

ರಮೊಹಾಪಿಯವರ ಕೈ ಎದೆಯ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡಿತು. ಹೋಗಿ ಒಂದು ಕುದುರೆ ಹತ್ತಿದರು. ಪೊಟ್ಲಾಕಿಯನ್ನು ಯಾರದೋ ಮುದಿ ಹೆಣ್ಣುಕುದುರೆಯ ಮೇಲೆ ಎತ್ತಿ ಕೂರಿಸಿದರು. ಸವಾರರನ್ನು ಎರಡು ಪಾಲು ಮಾಡಿ ಒಂದನ್ನು ಕಣಿವೆಗೆ ಕಳಿಸಿ, ತ್ಲಾಡಿಯವರು ಸೀಟಿಯೊಂದಿಗೆ ಏಣಿನ ಪಾಲಿಗೆ ಸೇರಿಕೊಂಡರು.

ಮೊದಲ ಬಾವುಟ ಮಾಲೆಬೊಹಾಂಗಳ ಅಂಗಳದ್ದು. ತೂಕದ ಹೆಂಗಸು, ದನಿಯೂ ತೂಕದ್ದೇ. ಇವರನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು.

"ಪೊಟ್ಲಾಕಿ! ಇದೇನೋ, ಈಗ ತಾನೇ ಬಂದು ಹೋದೆ, ಮತ್ತೆ ಬಂದೆ? ಒಂದೇ ದಿನ ಎರಡು ಸಲ ಅಂದ್ರೆ ಮಾಪುಲೆಂಗ್ ನನ್ನನ್ನು ಹರಿದು ಹಾಕ್ತಾಳೆ."

"ಬಂದಿದ್ದು ನಾನಲ್ಲ ಕಣಮ್ಮ. ಅವನು ಏನ್ಮಾಡ್ದ?"

"ಅದೇ ಅಂದ್ಕೊಂಡೆ! ಮುಖ ಆಕಡೆ ತಿರುಗಿಸ್ಕೊಂಡೇ ಕೂತಿದ್ದ. ಕುದುರೆ ಇಲ್ಲೇ ನಿಂತ್ಬಿಡ್ತು. ಒದ್ದ, ಹೊಡೆದ, ಅದು ಜಪ್ಪಯ್ಯ ಅನ್ನಲಿಲ್ಲ. 'ಪೊಟ್ಲಾಕಿ, ಯಾವತ್ತಿಂದ ಹೊಡೆಯೋಕೆ ಕಲ್ತೆಯೋ' ಅಂತ ಬೈದೆ. ಆಮೇಲೆ ಇಳಿದು ಒಂದು ಡಬ್ಬಿ ಗಟಗಟ ಅಂತ ಕುಡಿದ. ನಾನು ಚರಟ ಹಾಕ್ದೆ. ತಿಂದಾದ್ಮೇಲೇ ಅದು ಕಾಲೆತ್ತಿದ್ದು." ಅವಳು ರಮೊಹಾಪಿಯವರನ್ನು ಆಗ ಗಮನಿಸಿದಳು. "ಓಹೋ, ಒಡೆಯರೂ ಬಂದಿದಾರೆ. ಕೂತ್ಕೊಳ್ಳಿ ನ್ತಾತೆ. ನಿಮ್ಮ ಕುದುರೆ ಇಲ್ಲೇ ಬೆಳೆದಿದ್ದು ಅಂದ್ರೂ ತಪ್ಪಿಲ್ಲ. ಒಂದು ಡಬ್ಬಿ?"

"ನಾನು ಕುಡಿಯುವುದಿಲ್ಲ," ಎಂದರು ರಮೊಹಾಪಿ ಆಕಾಶಕ್ಕೆ.

"ಅಯ್ಯೋ, ಮೈ ಹುಷಾರಿಲ್ವಾ?"

ಎರಡನೆಯ ಹಳ್ಳಿಯಲ್ಲಿ, ಪಂದ್ಯದ ದಿನವಾದ್ದರಿಂದ, ಒಂದಲ್ಲ, ಎರಡು ಬಾವುಟ. ಸೆಫಾಕೊ ಎರಡಕ್ಕೂ ಮರ್ಯಾದೆ ಸಲ್ಲಿಸಿತ್ತು. ಅಲ್ಲಿನ ಮುದುಕಿ, ನಿನ್ನೆ ಏಕೆ ಬರಲಿಲ್ಲ ಎಂದು ಪೊಟ್ಲಾಕಿಯನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಳು. ಪೊಟ್ಲಾಕಿ ತಲೆ ತಗ್ಗಿಸಿ ಮುಂದೆ ಹೋದ. ಬೆನ್ನ ಹಿಂದೆ ರಮೊಹಾಪಿಯವರ ಮೌನ ಇನ್ನೊಂದು ಕುದುರೆಯಂತೆ ಹೆಜ್ಜೆ ಹಾಕಿಕೊಂಡು ಬರುತ್ತಿತ್ತು. ಕೆಲಸ ಹೋಯಿತು ಎಂದು ಅವನಿಗೆ ಗೊತ್ತಿತ್ತು. ಹೋದರೆ ಮಲಗಬಹುದು ಎಂದೂ ಹೊಳೆಯಿತು. ಆ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು. ಕುದುರೆ ಇನ್ನೂ ಸಿಕ್ಕಿರಲಿಲ್ಲ.

ಕಣಿವೆಬಾಯಿಗೆ ಮುಂಚಿನ ಕೊನೆಯ ಹಳ್ಳಿಯಲ್ಲಿ ಕೊನೆಯ ಬಾವುಟ. ಅದರ ಕೆಳಗೆ ಸೆಫಾಕೊ ಚರಟದ ಬುಟ್ಟಿಯಲ್ಲಿ ಕಣ್ಣಿನ ತನಕ ಮುಖ ಹುದುಗಿಸಿ ನಿಂತಿತ್ತು. ಕಳ್ಳ ಎರಡೂ ಕಾಲನ್ನು ನೆಲಕ್ಕೆ ಊರಿ ಹಗ್ಗ ಜಗ್ಗುತ್ತಿದ್ದ. ಮೂರು ಡಬ್ಬಿ ಹೆಂಡ ಆಗಲೇ ಒಳಗೆ ಹೋಗಿತ್ತು, ನಾಲ್ಕನೆಯದು ಕೈಗೆ ಬಂದಿತ್ತು. ಕುದುರೆ ಹೊರಡುವುದು ತಾನು ಕುಡಿದ ಮೇಲೆಯೇ ಎಂಬಷ್ಟು ಪಾಠ ಅವನು ಕಲಿತಿದ್ದ. ಸುತ್ತ ಹೆಂಗಸರು ನಿಂತು ನೋಡಿ ನಗುತ್ತಿದ್ದರು. ಸವಾರರು ಸುತ್ತುವರಿದಾಗ ಅವನು ಓಡಲಿಲ್ಲ. ಹಗ್ಗ ಬಿಟ್ಟು ಕೆಳಗೆ ಕೂತುಬಿಟ್ಟ.

"ತಗೊಳಿ," ಎಂದ. "ಎಂಥ ಕುದುರೆನಪ್ಪಾ ಇದು. ಹತ್ತು ಕುದುರೆ ಕದ್ದಿದೀನಿ, ಇಂಥ ಕುಡುಕನ ಕುದುರೆ ನೋಡಲಿಲ್ಲ."

ತ್ಲಾಡಿಯವರು ಸೀಟಿ ಊದಿದರು. ಅಷ್ಟು ಹತ್ತಿರದಲ್ಲಿ ಊದಿದ್ದಕ್ಕೆ ಸೆಫಾಕೊ ಬುಟ್ಟಿಯಿಂದ ತಲೆಯೆತ್ತಿ ಹಲ್ಲು ತೋರಿಸಿತು. ಅವರು ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡರು.

ಪೊಟ್ಲಾಕಿ ಕುದುರೆಯಿಂದ ಇಳಿಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಅವನು ಮೊದಲು ಸೆಫಾಕೊವಿನ ನಾಲ್ಕು ಕಾಲು ತಡವಿದ. ಕುತ್ತಿಗೆಯ ಮೇಲೆ ಕೋಲಿನ ಬಾಸುಂಡೆ, ಬೆರಳಿನಷ್ಟು ದಪ್ಪ. ಅದರ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಕಳ್ಳನ ಹತ್ತಿರ ಬಂದ. ಹೊಡೆಯುತ್ತಾನೆಂದು ಎಲ್ಲರೂ ಕಾದರು.

"ನಿನ್ನ ತಮ್ಮ ಸತ್ತಿದ್ದು?"

"ನನಗೆ ತಮ್ಮನೇ ಇಲ್ಲ, ಅಪ್ಪಾ."

"ಸದ್ಯ," ಎಂದ ಪೊಟ್ಲಾಕಿ. ಕಂಬಳಿ ಬಿಚ್ಚಿಕೊಂಡು ಹೊದ್ದ.

ಬಯಲಿಗೆ ಹಿಂದಿರುಗಿದಾಗ ಮೂರು ಗಂಟೆಯಾಗಿರಲಿಲ್ಲ; ದೊಡ್ಡ ಓಟ ಇನ್ನೂ ಬಾಕಿ. ಕಳ್ಳನನ್ನು ಪೊಲೀಸರಿಗೊಪ್ಪಿಸಿ ತ್ಲಾಡಿಯವರು, ಉಪಸಮಿತಿಯ ವ್ಯವಸ್ಥೆ ಹೇಗೆ ಯಶಸ್ವಿಯಾಯಿತು ಎಂದು ಭಾಷಣ ಶುರು ಮಾಡಿದ್ದರು. ರಮೊಹಾಪಿ, ಜೀನು ಬಿಗಿಯಿರಿ ಎಂದರು.

"ಓಡಿಸಬೇಡಿ," ಎಂದ ಪೊಟ್ಲಾಕಿ.

"ಏನಂದೆ?"

"ಹೊಟ್ಟೆ ತುಂಬ ಚರಟ ಇದೆ. ದಿನಾ ತಿನ್ನೋದು ಒಂದು ಹಿಡಿ, ಇವತ್ತು ಬುಟ್ಟಿಗಟ್ಲೆ. ಈಗ ಓಡಿಸಿದ್ರೆ ಕರುಳು ತಿರುಚಿಕೊಳ್ಳತ್ತೆ. ಗೆದ್ದರೂ ರಾತ್ರಿಗೆ ಸಾಯತ್ತೆ."

"ಒಂಬತ್ತು ವರ್ಷ ಸುಳ್ಳು ಹೇಳಿದ ಕುಡುಕನ ಮಾತು ನಾನು ಕೇಳಬೇಕಾ?"

"ಕುಡುಕನ ಮಾತು ಕೇಳ್ಬೇಡಿ. ಕುದುರೆ ಕಾಯೋನ ಮಾತು ಕೇಳಿ. ಇಬ್ರೂ ನಾನೇ ಆಗಿದ್ರೆ ಕುದುರೆ ಏನು ಮಾಡತ್ತೆ, ಪಾಪ." ಅವನು ಹಗ್ಗವನ್ನು ಕೈಗೆ ಸುತ್ತಿಕೊಂಡು ಕುದುರೆಯ ಮುಂದೆ ನಿಂತ. "ನಾಳೆಯಿಂದ ಬರಬೇಡ ಅನ್ನಿ. ಇವತ್ತು ಸಂಜೆ ತನಕ ಕಾವಲು ನಂದು."

ರಮೊಹಾಪಿ ಅವನನ್ನೂ ಕುದುರೆಯನ್ನೂ ಬದಲಿಸಿ ಬದಲಿಸಿ ನೋಡಿದರು. ಆಮೇಲೆ ಜೀನನ್ನು ನೆಲಕ್ಕೆ ಎಸೆದು ಹೊರಟುಹೋದರು. ಓಟ ಸೆಫಾಕೊ ಇಲ್ಲದೆ ನಡೆಯಿತು. ಕೊನೆಯ ಗೆರೆಯ ಹತ್ತಿರ ನಿಂತಿದ್ದ ರಮೊಹಾಪಿ ಓಟದ ಕಡೆ ನೋಡಲಿಲ್ಲ ಎಂದು ಲೆಶೊಬೊರೊ ಆಮೇಲೆ ಹೇಳಿದ. ಗೆರೆಯ ಮೇಲೆ ನೆಟ್ಟಿದ್ದ ಬಾವುಟವನ್ನೇ ನೋಡುತ್ತಿದ್ದರಂತೆ, ತುಂಬಾ ಹೊತ್ತು. ಅದು ಯಾವಾಗಲೂ ಇದ್ದಂತೆಯೇ ಬಿಳಿ ಬಾವುಟ. ಅದನ್ನು ಕಂಡು ತಮ್ಮ ಕುದುರೆ ನಾಲ್ಕು ವರ್ಷ ಯಾಕೆ ಹಾಗೆ ನುಗ್ಗಿತು, ಮುಟ್ಟಿದ ಮೇಲೆ ಯಾಕೆ ಹಾಗೆ ನಿಂತಿತು ಎಂಬುದು ಆ ಹೊತ್ತಿನಲ್ಲಿ ಅವರಿಗೆ ಹೊಳೆದಿರಬೇಕು. ಶಿಸ್ತಿನ ವಿಷಯ ಅವರು ಆಮೇಲೆ ಎತ್ತಲಿಲ್ಲ.

ಸಂಜೆ ಕುದುರೆಯನ್ನು ಲಾಯಕ್ಕೆ ಸೇರಿಸಿ, ಪೊಟ್ಲಾಕಿ ಮನೆಗೆ ಹೋಗಿ ಮಲಗಿದ. ಎರಡು ದಿನ ಮಲಗಿದ. ನಡುವೆ ಮಾಪುಲೆಂಗ್ ಎಬ್ಬಿಸಿ ಮುದ್ದೆ, ಸೊಪ್ಪಿನ ಪಲ್ಯ ತಿನ್ನಿಸಿದಳು. ನಡೆದದ್ದೆಲ್ಲಾ ಅವಳಿಗೆ ಅವನಿಗಿಂತ ಮೊದಲೇ ತಲುಪಿತ್ತು. "ನಾನು ಹೇಳಿರಲಿಲ್ವಾ?" ಎಂದು ಒಂದೇ ಸಲ ಕೇಳಿದಳು. ಅಷ್ಟಕ್ಕೇ ಬಿಟ್ಟದ್ದಕ್ಕೆ ಅವನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಪ್ರೀತಿ ಉಕ್ಕುತ್ತಿದ್ದಂತೆಯೇ ಮತ್ತೆ ನಿದ್ದೆ ಬಂತು.

ಮೂರನೆಯ ದಿನ ಎದ್ದಾಗ ಅಂಗಳದ ಹಗ್ಗದ ಮೇಲೆ ಅವನ ಕಂಬಳಿ ಒಣಗುತ್ತಿತ್ತು. ಹೊಳೆಯಲ್ಲಿ, ಸೋಪು ಹಾಕಿ, ಕಲ್ಲಿಗೆ ಬಡಿದು ತೊಳೆದಿದ್ದಳು. ಜೋಳದ ತೆನೆಗಳು ಹಳದಿ ಎಂಬುದು ಅವನಿಗೆ ಹದಿನೈದು ವರ್ಷದ ನಂತರ ಗೊತ್ತಾಯಿತು.

"ಇನ್ನೇನು, ಕೆಲಸ ಹೋಯ್ತಲ್ಲ," ಎಂದಳು ಅವಳು. ದನಿಯಲ್ಲಿ ಹಬ್ಬವಿತ್ತು.

ಮಧ್ಯಾಹ್ನ ರಮೊಹಾಪಿಯವರೇ ಸೆಫಾಕೊನ ಹಗ್ಗ ಹಿಡಿದು ಬೆಟ್ಟ ಹತ್ತಿ ಬಂದರು. ಕೋಟಿನ ತೋಳಿನ ಮೇಲೆ ಹಲ್ಲಿನ ಗುರುತು. ಕುದುರೆಯ ಪಕ್ಕೆಲುಬು ಎಣಿಸಬಹುದಿತ್ತು. ಕುತ್ತಿಗೆಯ ಬಾಸುಂಡೆ ಕಪ್ಪಾಗಿತ್ತು.

"ಯಾರು ಕೊಟ್ಟರೂ ಮೂಸಿ ನೋಡಲ್ಲ," ಎಂದರು, ಬೇಲಿಯಾಚೆಯ ಗುಡ್ಡಕ್ಕೆ ಹೇಳುವಂತೆ. "ಮುಂದಿನ ವರ್ಷದ ಪಂದ್ಯಕ್ಕೆ ಗೆರೆಯ ಬಾವುಟ ನಾನೇ ಕೊಡಿಸ್ತೀನಿ ಅಂತ ತ್ಲಾಡಿಯವರಿಗೆ ಹೇಳಿದೀನಿ. ದೊಡ್ಡದು."

"ಯಾವ ಬಣ್ಣ, ನ್ತಾತೆ?" ಎಂದಳು ಮಾಪುಲೆಂಗ್, ಬಾಗಿಲಲ್ಲಿ ನಿಂತು, ಬಹಳ ವಿನಯದಿಂದ.

ಪೊಟ್ಲಾಕಿ ಒದ್ದೆಯಾರದ ಕಂಬಳಿಯನ್ನು ಹಗ್ಗದಿಂದ ಎಳೆದು ಹೊದ್ದುಕೊಂಡು ಕುದುರೆಯ ಹತ್ತಿರ ಹೋದ. ಸೆಫಾಕೊ ಮೂಗು ಚಾಚಿ ಮೂಸಿತು. ಸೋಪು. ಇನ್ನೊಮ್ಮೆ ಮೂಸಿ, ಕಿವಿ ಹಿಂದಕ್ಕೆ ಮಡಚಿ, ಮೇಲ್ತುಟಿ ಎತ್ತಿತು. ಇವನು ಯಾರೆಂದು ಅದಕ್ಕೆ ತಿಳಿಯಲಿಲ್ಲ.

ಪೊಟ್ಲಾಕಿ ಒಂದು ಮಾರು ಹಿಂದೆ ಸರಿದು ನಿಂತ. ಒಂದು ತಿಂಗಳು, ಎಂದುಕೊಂಡ. ಮತ್ತೆ ಮೊದಲಿನಿಂದ. ಕಂಬಳಿ ತೆಗೆದು, ಹಲ್ಲು ತಾಗದಂತೆ ಪಕ್ಕದಿಂದ ಬಂದು, ಕುದುರೆಯ ಬೆನ್ನಿಗೆ ಹೊದಿಸಿದ. ಬಾಗಿಲಲ್ಲಿ ಮಾಪುಲೆಂಗ್ ತಲೆ ಚಚ್ಚಿಕೊಂಡು ಒಳಗೆ ಹೋದಳು.

"ಷರತ್ತು ಇದ್ದೇ ಇದೆ," ಎಂದರು ರಮೊಹಾಪಿ. ಕೈ ಮುಂದೆ ಚಾಚಿದರು. ಹೆಬ್ಬೆರಳನ್ನು ಒಂದು ಕ್ಷಣ ನೋಡಿ, ಅದನ್ನು ಹಾಗೆಯೇ ನೆಟ್ಟಗೆ ಬಿಟ್ಟು, ತೋರುಬೆರಳಿನಿಂದ ಶುರು ಮಾಡಿದರು. "ಹೊಗೆಸೊಪ್ಪು ಇಲ್ಲ. ನಿದ್ದೆ ಇಲ್ಲ."

ಅಷ್ಟು ಹೇಳಿ, ಯಾರ ಮುಖವನ್ನೂ ನೋಡದೆ ಬೆಟ್ಟ ಇಳಿದು ಹೋದರು. ಪೊಟ್ಲಾಕಿ ಅವರ ಬೆನ್ನನ್ನು ನೋಡುತ್ತಾ ನಿಂತ. ದೊಡ್ಡ ಮನಸ್ಸು ಮಾಡಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಬಿಡುವುದೇ ಆದರೆ, ಎಂದುಕೊಂಡ ಅವನು ಆಕಳಿಸುತ್ತಾ, ನಿದ್ದೆಯ ಬೆರಳನ್ನು ಬಿಡಬಾರದಿತ್ತೆ.